ಗುಡಿಸದೆ ಬಿಟ್ಟ ನೆಲ

ಪೊರಕೆ ಹಿಡಿದ ಕೈ ನಡುವೆಯೇ ನಿಂತುಬಿಡುವುದನ್ನು ನಾನು ಮೊದಲು ಕಂಡದ್ದು ಅವರಲ್ಲಿ. ಸರಸರ ಎಂದು ಒಂದೇ ಲಯದಲ್ಲಿ ಬರುತ್ತಿದ್ದ ಪೊರಕೆ, ಯಾರೋ ಕೂಗಿ ತಡೆದಂತೆ, ಒಂದು ಒಣ ಎಲೆಯ ಮುಂದೆ ಗಕ್ಕನೆ ನಿಲ್ಲುತ್ತಿತ್ತು. ಅವರು ಬಗ್ಗುತ್ತಿರಲಿಲ್ಲ. ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ, ಪರಿಚಯದ ಮುಖವನ್ನು ನೆನಪಿಸಿಕೊಳ್ಳುವವರಂತೆ ಆ ಎಲೆಯನ್ನು ನೋಡುತ್ತಿದ್ದರು. ಆಮೇಲೆ ಪೊರಕೆ ಅದನ್ನು ಎಳೆದುಕೊಂಡು ಹೋಗಬಹುದು, ಇಲ್ಲವೇ ಅದರ ಸುತ್ತ ಒಂದು ಅರ್ಧಚಂದ್ರ ಬರೆದು ಮುಂದೆ ಸಾಗಬಹುದು. ಒಂದೇ ಮರದಿಂದ, ಒಂದೇ ಬೆಳಿಗ್ಗೆ ಉದುರಿದ, ಒಂದೇ ಬಣ್ಣದ ಎರಡು ಎಲೆಗಳಲ್ಲಿ ಒಂದು ಬುಟ್ಟಿಗೆ ಹೋಗುತ್ತಿತ್ತು, ಇನ್ನೊಂದು ಇದ್ದಲ್ಲೇ ಉಳಿಯುತ್ತಿತ್ತು. ಇದರ ಹಿಂದಿನ ನ್ಯಾಯ ಏನೆಂದು ತಿಳಿಯಲು ನನಗೆ ಮೂರು ವಾರ ಬೇಕಾಯಿತು; ತಿಳಿದ ಮೇಲೆ ಅದರ ಬೆರಗಿನಿಂದ ಹೊರಬರಲು ಇನ್ನೂ ಆಗಿಲ್ಲ.

ಆ ಕಟ್ಟಡದ ಕೆಳಗೆ ಶಿಶುವಿಹಾರ, ಮೇಲೆ ನನ್ನ ಒಂದೂವರೆ ಕೋಣೆ. ಅಚ್ಚಿಗೆ ಹೋಗುವ ಪುಟಗಳ ತಪ್ಪು ತಿದ್ದುವುದು ನನ್ನ ಕಸುಬಾದ್ದರಿಂದ, ಬೆಳಕಿಗೆಂದು ಮೇಜನ್ನು ಹಿಂದಿನ ಕಿಟಕಿಗೆ ಒತ್ತಿ ಇಟ್ಟುಕೊಂಡಿದ್ದೆ. ಕಿಟಕಿಯ ಕೆಳಗೆ ಮಕ್ಕಳ ಅಂಗಳ: ಮೂರು ಕಡೆ ಗೋಡೆ, ಮೂಲೆಯಲ್ಲೊಂದು ನಲ್ಲಿ, ನಡುವೆ ಉದ್ದುದ್ದ ಕಾಯಿ ಬಿಡುವ ಒಂದು ಹಳೆಯ ಮರ. ಮರದ ಬೇರುಗಳು ನೆಲದ ಮೇಲೆ ಎದ್ದು, ಮಲಗಿದ ದನಗಳ ಬೆನ್ನಿನಂತೆ ಅಂಗಳದ ಅರ್ಧದವರೆಗೆ ಹರಿದಿದ್ದವು. ಮೇಲಿನಿಂದ ನೋಡಿದರೆ ಆ ಅಂಗಳದ ಒಂದು ಭಾಗ ಆಗತಾನೇ ಬಾಚಿದ ತಲೆಯಂತೆ ನೀಟಾಗಿಯೂ ಇನ್ನೊಂದು ಭಾಗ ಹಾಸಿಗೆಯಿಂದ ಎದ್ದ ತಲೆಯಂತೆ ಕೆದರಿಯೂ ಕಾಣುತ್ತಿತ್ತು. ಮೊದಲ ವಾರ, ಪಾಪ, ಗುಡಿಸುವ ಅಜ್ಜಿಗೆ ವಯಸ್ಸಾಗಿದೆ, ಕೈಲಾಗುವುದಿಲ್ಲ ಎಂದುಕೊಂಡೆ. ಎರಡನೆಯ ವಾರ, ಮೈಗಳ್ಳತನ ಎಂದುಕೊಂಡೆ. ಮೂರನೆಯ ವಾರ ಕಿಟಕಿಯಿಂದಲೇ ಕೇಳಿಬಿಟ್ಟೆ.

"ಮರದ ಬುಡ ಹಾಗೇ ಬಿಟ್ರಲ್ಲಮ್ಮ?"

ಅವರು ತಲೆಯೆತ್ತಿದರು. "ಅಲ್ಲಿ ಜನ ಇದಾರೆ, ಸಾರ್."

ಮಕ್ಕಳು ಮನೆಗೆ ಹೋಗಿ ಗಂಟೆಯಾಗಿತ್ತು. ಅಂಗಳದಲ್ಲಿ ನರಪಿಳ್ಳೆಯೂ ಇರಲಿಲ್ಲ. ನಾನು ಮತ್ತೊಮ್ಮೆ ನೋಡಿದೆ, ಕಸವಷ್ಟೇ ಕಂಡಿತು. ಅವರು ನನ್ನ ಮುಖ ನೋಡಿ, "ಅಷ್ಟು ಮೇಲಿಂದ ಕಾಣಲ್ಲ ಬಿಡಿ," ಎಂದು ಸಮಾಧಾನ ಹೇಳಿ ತಮ್ಮ ಕೆಲಸಕ್ಕೆ ತಿರುಗಿದರು.

ಮರುದಿನ ರಜೆ. ಯಾರೂ ಇಲ್ಲದ ಹೊತ್ತು ನೋಡಿ ಕೆಳಗಿಳಿದು ಮರದ ಬುಡಕ್ಕೆ ಹೋದೆ. ನಿಂತು ನೋಡಿದರೆ ಕಸವೇ. ಕುಕ್ಕರುಗಾಲಲ್ಲಿ ಕೂತೆ, ಕಸ ಸ್ವಲ್ಪ ಅನುಮಾನಕ್ಕೆ ಎಡೆಕೊಟ್ಟಿತು. ಕೊನೆಗೆ, ಗೋಡೆಯಾಚೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹೊಟ್ಟೆಯ ಮೇಲೆ ಮಲಗಿ ಕೆನ್ನೆಯನ್ನು ನೆಲಕ್ಕಿಟ್ಟೆ. ಆಗ ಊರು ಎದ್ದು ನಿಂತಿತು. ಎರಡು ಬೇರುಗಳ ನಡುವಿನ ಕಣಿವೆಯಲ್ಲಿ ಒಂದು ಬೀದಿ. ಬೀದಿಯ ಎರಡು ಬದಿಗೂ ಎಲೆ ಮಡಚಿ ಕಟ್ಟಿದ ಮನೆಗಳು. ಪ್ರತಿ ಮನೆಯೊಳಗೂ ಒಂದೊಂದು ಹಾಸಿಗೆ, ಹಾಸಿಗೆಯ ಮೇಲೆ ಒಂದೊಂದು ಬೀಜ, ಬೀಜಕ್ಕೆ ಹೊದಿಕೆಯಾಗಿ ಒಂದು ಹೂವಿನ ಎಸಳು. ಬಾಟಲಿಯ ಮುಚ್ಚಳದಲ್ಲಿ ನೀರು ತುಂಬಿದ ಬಾವಿ. ಅದರ ಕಟ್ಟೆಗೆ ಮಣ್ಣಿನ ಉಂಡೆಗಳು, ಒಂದೂ ಹೆಚ್ಚು ಕಡಿಮೆಯಿಲ್ಲದ ಗಾತ್ರ. ಕಡ್ಡಿಗಳ ಸೇತುವೆ. ಸೇತುವೆಯ ಆಚೆ ಖಾಲಿ ಬಸವನಹುಳುವಿನ ಚಿಪ್ಪೊಂದು, ಅದರ ಬಾಯಿಗೆ ಒರಗಿಸಿದ ಪುಟ್ಟ ಏಣಿ. ಆ ಚಿಪ್ಪಿನ ಕತ್ತಲೊಳಗೆ ಯಾರೋ ಇದ್ದಾರೆ, ಇಷ್ಟು ಹೊತ್ತು ನನ್ನನ್ನೇ ನೋಡುತ್ತಿದ್ದಾರೆ ಎನಿಸಿ ನಾನು, ಈ ವಯಸ್ಸಿನಲ್ಲಿ, ನಾಚಿಕೊಂಡು ಎದ್ದೆ. ಎದ್ದವನಿಗೆ ಒಂದು ಹೆಜ್ಜೆ ಹಿಂದಿಡಲು ಧೈರ್ಯ ಬರಲಿಲ್ಲ. ಎಲ್ಲಿ ಕಾಲಿಟ್ಟರೆ ಯಾರ ಸೂರು ಮುರಿಯುತ್ತದೋ.

ಅವರ ನಡಿಗೆಯ ಗುಟ್ಟು ಆಗ ತಿಳಿಯಿತು. ಆ ಹೆಂಗಸು ಕಾಲೆತ್ತುವ ಮೊದಲೇ ಅದು ಊರುವ ಜಾಗವನ್ನು ನೋಡಿಟ್ಟುಕೊಳ್ಳುತ್ತಿದ್ದರು. ಹಿಮ್ಮಡಿ ಮೊದಲು, ಆಮೇಲೆ ಅರೆಮನಸ್ಸಿನಿಂದೆಂಬಂತೆ ಬೆರಳುಗಳು. ಶಿಶುವಿಹಾರದ ಅಂಗಳದಲ್ಲಿ ಕಲಿತ ಈ ನಡಿಗೆ ಬೀದಿಯಲ್ಲೂ ಬಿಡಲಿಲ್ಲ. ಸಂಜೆ ಮನೆಗೆ ಹೋಗುವಾಗ ಪಾದಚಾರಿ ಹಾದಿಯ ಬಿರುಕು, ಇರುವೆಸಾಲು, ಯಾರೋ ಸೀಮೆಸುಣ್ಣದಲ್ಲಿ ಗೀಚಿದ ಚೌಕ, ಎಲ್ಲವನ್ನೂ ಬಳಸಿಕೊಂಡು ಹೋಗುವ ಅವರನ್ನು ಹಿಂದಿನಿಂದ ಬಂದವರು ಬೈದುಕೊಳ್ಳುತ್ತಾ ದಾಟುತ್ತಿದ್ದರು. ಹತ್ತು ನಿಮಿಷದ ದಾರಿಗೆ ಅವರಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು.

ಮಕ್ಕಳು ಅವರನ್ನು ಗುಡಿಸಜ್ಜಿ ಎನ್ನುತ್ತಿದ್ದರು. ಮೂರರಿಂದ ಐದು ವರ್ಷದ ಮಕ್ಕಳು ಇಟ್ಟ ಹೆಸರು. ಟೀಚರುಗಳೂ ಅದನ್ನೇ ಹಿಡಿದರು. ಮೊದಲು ಇಪ್ಪತ್ತು ವರ್ಷ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ ಗುಡಿಸಿದವರು. ಅಲ್ಲಿಂದ ತಂದ ಖಾಕಿ ಕೋಟೊಂದು ಬಿಸಿಲಲ್ಲೂ ಅವರ ಮೈಮೇಲಿರುತ್ತಿತ್ತು, ಮಂಡಿಯವರೆಗೆ ಇಳಿಬಿದ್ದು, ತೋಳು ಎರಡು ಸುತ್ತು ಮಡಚಿಕೊಂಡು. ಕೋಟಿಗೆ ಎರಡು ದೊಡ್ಡ ಜೇಬು. ಎಡಗಡೆಯದರಲ್ಲಿ ಬೀಗದ ಕೈ, ಕರವಸ್ತ್ರ, ಮಂಡಿನೋವಿನ ಮುಲಾಮು. ಬಲಗಡೆಯದು ಗೊತ್ತಾಗದ ವಸ್ತುಗಳಿಗೆ. ಗುಡಿಸುವಾಗ ನಡುದಾರಿಯಲ್ಲಿ ಸಿಕ್ಕಿದ ಒಂಟಿ ಗುಂಡುಕಲ್ಲು, ದಾರ ಸುತ್ತಿದ ಕಡ್ಡಿ, ಹರಿದ ಚೀಟಿಯ ಮೂಲೆ, ಇಂಥವು ಕಸವೋ ಅಲ್ಲವೋ ತೀರ್ಮಾನವಾಗದಿದ್ದರೆ ಬಲಜೇಬಿಗೆ ಹೋಗುತ್ತಿದ್ದವು. ಬೆಳಿಗ್ಗೆ ಮಕ್ಕಳು ಬರುವ ಹೊತ್ತಿಗೆ ಅವರು ಮೆಟ್ಟಿಲ ಮೇಲೆ ಆ ಜೇಬನ್ನು ಬರಿದು ಮಾಡಿ ಕೂರುತ್ತಿದ್ದರು.

"ಇದು ಯಾರು?"

"ಅಯ್ಯೋ ಅಜ್ಜಿ, ಅದು ನಮ್ಮ ಡಾಕ್ಟ್ರು. ಎಲ್ಲಿದ್ರು?"

"ನಲ್ಲಿ ಹತ್ರ ಬಿದ್ದಿದ್ರು."

"ಅವ್ರಿಗೇ ಹುಷಾರಿಲ್ವೇನೋ," ಎಂದು ಇನ್ನೊಂದು ಮಗು.

"ಇರಬೋದು," ಎನ್ನುತ್ತಿದ್ದರು ಗುಡಿಸಜ್ಜಿ. ಅದು ಅವರ ಮಾತಿನ ತಾಳ. ಮಳೆ ಬರುತ್ತದಾ ಎಂದರೆ ಇರಬೋದು. ದೊಡ್ಡ ಟೀಚರ್‌ಗೆ ಇವತ್ತು ಕೋಪವಾ ಎಂದರೆ ಇರಬೋದು. ಚಂದ್ರನ ಮೇಲೂ ಶಿಶುವಿಹಾರ ಇದೆಯಾ ಎಂದರೆ, ಒಂದು ಕ್ಷಣ ಯೋಚಿಸಿ, ಇರಬೋದು. ದಾರ ಸುತ್ತಿದ ಕಡ್ಡಿಯನ್ನು ಎತ್ತಿ ಹಿಡಿದು ಎಲ್ಲರ ಮುಖ ನೋಡುವರು. ಯಾರೂ ಬಾಯಿ ಬಿಡದಿದ್ದರೆ ಅದನ್ನು ಮತ್ತೆ ಜೇಬಿಗೆ ಹಾಕಿ, "ಇವ್ರ ಮನೆಯವ್ರು ಇವತ್ತು ರಜೆ ಇರಬೋದು," ಎಂದು ಏಳುವರು. ಮೂರು ದಿನ ಕಾದ ಮೇಲಷ್ಟೇ ಅದು ಬುಟ್ಟಿಗೆ. ಪ್ಲಾಟ್‌ಫಾರ್ಮಿನಲ್ಲಿ ಕಲಿತ ಪಾಠ, ಎಂದು ಒಮ್ಮೆ ನನಗೆ ಹೇಳಿದರು: ಕಸ ಅಂತ ಎತ್ತಿದ ಗಂಟಿಗೆ, ರೈಲು ಹೋದ ಮೇಲೂ, ಯಾರೋ ಏದುಸಿರು ಬಿಡುತ್ತಾ ಓಡಿ ಬರುತ್ತಾರೆ.

ಅವರು ಮಕ್ಕಳೊಡನೆ ಆಡುತ್ತಿರಲಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಮಕ್ಕಳ ಪ್ರೀತಿಯ ಅಜ್ಜಿ ಎಂದೊಡನೆ ನಾವು ಕಥೆ ಹೇಳುವ, ಕುಣಿಸುವ, ಮುದ್ದಿಸುವ ಒಬ್ಬರನ್ನು ಕಲ್ಪಿಸಿಕೊಳ್ಳುತ್ತೇವೆ. ಟೀಚರುಗಳು ಹಾಗಿದ್ದರು, ಒಳ್ಳೆಯವರೂ ಆಗಿದ್ದರು. ಮಗು ಬೇರಿನ ಸಂದಿಯಲ್ಲಿ ಬೀಜಗಳನ್ನು ಮಲಗಿಸುತ್ತಿದ್ದರೆ ಹಿಂದಿನಿಂದ ಬಂದು, "ಎಷ್ಟಿದೆ ಪುಟ್ಟಾ? ಎಣಿಸು ನೋಡೋಣ," ಎನ್ನುತ್ತಿದ್ದರು. ಮಗು ಎಣಿಸುತ್ತಿತ್ತು. ಎಣಿಸಿದ ಮೇಲೆ ಅಲ್ಲಿ ಏಳು ಬೀಜಗಳು ಉಳಿಯುತ್ತಿದ್ದವು; ಮಲಗಿದ್ದ ಸಂಸಾರ ಎದ್ದು ಹೋಗಿರುತ್ತಿತ್ತು. ಕಿಟಕಿಯಲ್ಲಿ ಕೂತ ನನಗೆ ಆ ಕ್ಷಣ ಎಷ್ಟೋ ಸಲ ಕಂಡಿದೆ. ಗುಡಿಸಜ್ಜಿ ಮಾತ್ರ ಹಾಗೆ ಹತ್ತಿರ ಸುಳಿಯುತ್ತಿರಲಿಲ್ಲ. ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ, ಅದೂ ದೂರದಲ್ಲಿ ನಿಂತು, ಪೊರಕೆಯ ತುದಿಯಿಂದ ನೆಲ ತೋರಿಸುತ್ತಾ: "ಇಲ್ಲಿ ಯಾರಾದ್ರೂ ಇದಾರಾ?" ಹೌದು ಎಂದರೆ ಬಿಟ್ಟು ಹೋಗುವರು. ಯಾರು, ಏನು, ಎಷ್ಟು ಎಂದು ವಿಚಾರಿಸುವುದು ಅವರ ಲೆಕ್ಕದಲ್ಲಿ ಬೇರೆಯವರ ಮನೆಯ ಕಿಟಕಿಯಲ್ಲಿ ಇಣುಕಿದಂತೆ.

ಒಮ್ಮೆ ನಲ್ಲಿ ರಿಪೇರಿಗೆ ಪ್ಲಂಬರ್ ಬಂದ. ಭಾರಿ ಆಳು, ಅದಕ್ಕಿಂತ ಭಾರಿ ಬೂಟು. ಅಂಗಳದ ನಡುವೆ ನೇರವಾಗಿ ನಡೆದು ಬರುತ್ತಿದ್ದವನ ಎದೆಗೆ ಗುಡಿಸಜ್ಜಿ ಪೊರಕೆಯನ್ನು ಅಡ್ಡ ಹಿಡಿದರು.

"ಗೋಡೆ ಪಕ್ಕದಿಂದ ಹೋಗಪ್ಪಾ. ಇದು ಮಾರ್ಕೆಟ್ಟು."

ಪ್ಲಂಬರ್ ಸುತ್ತ ನೋಡಿದ. "ಯಾವ್ ಮಾರ್ಕೆಟ್ಟಮ್ಮಾ? ನಂಗೆ ಒಂದು ನಲ್ಲಿ ಕಾಣ್ತಿದೆ, ಒಬ್ರು ಅಜ್ಜಿ ಕಾಣ್ತಿದಾರೆ."

"ನಿನ್ ಬೂಟಿನ ಸೈಜ್ ಎಷ್ಟು?"

"ಹನ್ನೊಂದು."

"ಅಷ್ಟರಲ್ಲಿ ಎರಡು ಬೀದಿ ಹೋಗುತ್ತೆ. ಗೋಡೆ ಪಕ್ಕ."

ಅವನು ಗೊಣಗುತ್ತಲೇ ಗೋಡೆಯ ಪಕ್ಕದಿಂದ ಹೋದ. ಹಿಂದಿರುಗುವಾಗ, ಯಾರೂ ಹೇಳದೆ, ಚೀಲವನ್ನು ತಲೆಯ ಮೇಲೆತ್ತಿ ಹಿಡಿದು, ಬೂಟನ್ನು ಕೈಯಲ್ಲಿ ತೂಗಿಸಿಕೊಂಡು, ತುದಿಗಾಲಲ್ಲಿ ನಡೆದು ಹೋದುದನ್ನು ನಾನೇ ಕಂಡೆ. ಗುಡಿಸಜ್ಜಿಯ ಗಾಂಭೀರ್ಯಕ್ಕೆ ಆ ಶಕ್ತಿಯಿತ್ತು. ಅವರು ನಂಬಿದಂತೆ ನಟಿಸುತ್ತಿರಲಿಲ್ಲ; ನಟನೆಯಾಗಿದ್ದರೆ ಪ್ಲಂಬರ್ ನಕ್ಕುಬಿಡುತ್ತಿದ್ದ.

ಇಂಥವರ ಕೈಯಲ್ಲೂ ಒಂದು ತಪ್ಪು ನಡೆಯಿತು. ಇಷ್ಟು ನೋಡಿ ನಡೆಯುವವರು ಮಾತ್ರ ಮಾಡಬಹುದಾದ ತಪ್ಪು ಅದು.

ಮಕ್ಕಳಲ್ಲಿ ಒಬ್ಬಳು ನಾಲ್ಕು ವರ್ಷದವಳು. ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದು ರೈಲಿನಂತೆ ಒಳಗೆ ಹೋಗುವಾಗ ಯಾವಾಗಲೂ ಕೊನೆಯಲ್ಲಿರುತ್ತಿದ್ದುದರಿಂದ ಅವಳಿಗೆ 'ಕೊನೇ ಬೋಗಿ' ಎಂದು ಹೆಸರು ಬಿದ್ದಿತ್ತು. ಅಪ್ಪ ದೂರದ ಊರುಗಳಿಗೆ ಲಾರಿ ಓಡಿಸುವವನು. ಎರಡು ತಿಂಗಳಿಗೊಮ್ಮೆ ಬಂದು ಎರಡು ದಿನ ಇರುವವನು. ತಾಯಿ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಶಿಶುವಿಹಾರಕ್ಕೆ ಸೇರಿದ ಮೊದಲ ತಿಂಗಳೆಲ್ಲ ಈ ಹುಡುಗಿ ಗೇಟಿನ ಕಂಬಿ ಹಿಡಿದು ಅಳುವುದು ನನ್ನ ಕಿಟಕಿಗೂ ಕೇಳುತ್ತಿತ್ತು. ಆಮೇಲೊಂದು ದಿನ ಮರದ ಬುಡದಲ್ಲಿ, ಎಲ್ಲರಿಂದ ದೂರದ ಬೇರಿನ ಮರೆಯಲ್ಲಿ, ಅವಳೊಂದು ಮನೆ ಕಟ್ಟಿದಳು: ಬೆಣಚುಕಲ್ಲಿನ ನಾಲ್ಕು ಗೋಡೆ, ಮೇಲೆ ತೊಗಟೆಯ ಮಾಡು. ಅಳು ನಿಂತಿತು. ಬೆಳಿಗ್ಗೆ ಗೇಟು ತೆರೆಯುವ ಮೊದಲೇ ಬಂದು ನಿಲ್ಲತೊಡಗಿದಳು.

ಒಂದು ಸಂಜೆ ಗುಡಿಸಜ್ಜಿ ಅಲ್ಲಿಗೆ ಬಂದಾಗ ಆ ಮನೆಯ ಮುಂದಿನ ಗೋಡೆ ಬಿದ್ದಿತ್ತು. ಕಲ್ಲುಗಳು ಚೆಲ್ಲಾಪಿಲ್ಲಿ, ಗೋಡೆಯಿದ್ದ ಜಾಗದಲ್ಲಿ ಮರದ ಒಣ ಕಾಯಿಯೊಂದು ಅರ್ಧ ಒಳಗೆ, ಅರ್ಧ ಹೊರಗೆ ಬಿದ್ದುಕೊಂಡಿತ್ತು. ಮೇಲಿನಿಂದ ಉದುರಿದ ಕಾಯಿ ಮನೆಯನ್ನು ಕೆಡವಿದೆ ಎಂದುಕೊಂಡರು. ಮಗು ಬೆಳಿಗ್ಗೆ ಬಂದು ನೋಡಿದರೆ ಏನಾದೀತು ಎಂದು ಅವರಿಗೆ ಸಂಕಟವಾಯಿತು. ಎಂದೂ ಮಾಡದ ಕೆಲಸವನ್ನು ಆ ದಿನ ಮಾಡಿದರು: ನೋಯುವ ಮಂಡಿಯನ್ನು ನೆಲಕ್ಕೂರಿ ಕೂತು, ಕಾಯಿಯನ್ನು ಆಚೆ ತೆಗೆದಿಟ್ಟು, ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆಯನ್ನು ಮೊದಲಿದ್ದಂತೆ ಕಟ್ಟಿದರು. ಮೊದಲಿಗಿಂತ ಚೆನ್ನಾಗಿಯೇ ಕಟ್ಟಿದರು.

ಮರುದಿನ ಬೆಳಿಗ್ಗೆ ಹುಡುಗಿ ಬಂದಳು, ನೋಡಿದಳು, ಒಳಗೆ ಹೋದಳು. ಅಳಲಿಲ್ಲ. ಚಪ್ಪಲಿ ಇಡುವ ಗೂಡಿನ ಪಕ್ಕದಲ್ಲಿ ಕೂತು ತನ್ನ ಒಂದು ಬೂಟನ್ನು ಮಡಿಲಲ್ಲಿಟ್ಟುಕೊಂಡಳು. ಆ ದಿನವಾಗಲಿ ಮರುದಿನವಾಗಲಿ ಅಂಗಳಕ್ಕೆ ಇಳಿಯಲಿಲ್ಲ, ಊಟ ಮುಟ್ಟಲಿಲ್ಲ.

ಮೂರನೆಯ ದಿನ ತಾಯಿ ಬಂದು ಮೆಟ್ಟಿಲ ಬಳಿ ದೊಡ್ಡ ಟೀಚರ್ ಹತ್ತಿರ ಮಾತಾಡಿದಳು. ನಾನು ನೀರಿನ ಕೊಡ ತುಂಬಿಸಲು ಕೆಳಗೆ ಬಂದಿದ್ದೆ. ಗುಡಿಸಜ್ಜಿ ಬಾಗಿಲಿನ ಕಸ ಗುಡಿಸುತ್ತಿದ್ದರು.

"ಮನೇಲಿ ಹೇಳಿದ್ಲು ಮೇಡಂ. ಅವಳ ಮನೆ ಬಾಗಿಲು ಚಿಕ್ಕದಂತೆ, ಅಪ್ಪನ ಲಾರಿ ಒಳಗೆ ಬರ್ತಿರಲಿಲ್ವಂತೆ. ಅದಕ್ಕೇ ಗೋಡೆ ಒಡೆದು ಲಾರಿ ಒಳಗೆ ತರ್ತಿದ್ಲಂತೆ. ಅರ್ಧ ಬಂದಿತ್ತಂತೆ, ಅಷ್ಟೊತ್ತಿಗೆ ಬೆಲ್ ಆಯ್ತಂತೆ. ಬೆಳಿಗ್ಗೆ ನೋಡಿದ್ರೆ ಯಾರೋ ಲಾರೀನ ಆಚೆ ಹಾಕಿ ಗೋಡೆ ಕಟ್ಬಿಟ್ಟಿದಾರಂತೆ."

"ಮಕ್ಕಳು ಯಾರೋ ಮಾಡಿರ್ತಾರೆ," ಎಂದರು ದೊಡ್ಡ ಟೀಚರ್.

ಪೊರಕೆಯ ಸದ್ದು ನಿಂತಿತು. "ನಾನು ಮಾಡಿದ್ದು," ಎಂದರು ಗುಡಿಸಜ್ಜಿ. ಆ ಒಂದು ಸಲ ಅವರ ಮಾತಿನಲ್ಲಿ 'ಇರಬೋದು' ಇರಲಿಲ್ಲ.

ತಾಯಿಗೆ ಕೋಪ ಬರಲಿಲ್ಲ. ಕೋಪಕ್ಕೆ ಅವಳಲ್ಲಿ ಸಮಯವೂ ಇರಲಿಲ್ಲ. ತಿಂಗಳ ಕೊನೆಯವರೆಗೆ ನೋಡುತ್ತೇನೆ, ಆಮೇಲೂ ಹೀಗೇ ಆದರೆ ಬಿಡಿಸಿ ಕಾರ್ಖಾನೆಗೇ ಕರೆದುಕೊಂಡು ಹೋಗುತ್ತೇನೆ, ಹೊಲಿಗೆ ಯಂತ್ರದ ಕೆಳಗೆ ಕೂತಿರುತ್ತಾಳೆ, ಬೇರೆ ಹೆಂಗಸರ ಮಕ್ಕಳೂ ಕೂತಿರುತ್ತವೆ, ಎಂದಳು. ತಿಂಗಳ ಕೊನೆಗೆ ಇನ್ನು ಹದಿನಾರು ದಿನವಿತ್ತು.

ಆ ದಿನ ಗುಡಿಸಜ್ಜಿ ಗೂಡಿನ ಹತ್ತಿರ, ಹುಡುಗಿಯಿಂದ ಎರಡು ಮಾರು ದೂರದಲ್ಲಿ, ಅವಳ ಕಡೆ ನೋಡದೆ ಕೂತು ಹೇಳಿದರು: "ಗೋಡೆ ಕಟ್ಟಿದ್ದು ನಾನು. ಬಿದ್ದೋಗಿದೆ ಅಂದ್ಕೊಂಡೆ. ನೀನೇ ಬೀಳಿಸಿದ್ದು ಅಂತ ಗೊತ್ತಾಗ್ಲಿಲ್ಲ." ಹುಡುಗಿ ಬೂಟನ್ನು ತಿರುಗಿಸಿ ಅದರ ಅಡಿ ನೋಡಿದಳು. ಅಷ್ಟೇ.

ಎಲ್ಲರಿಗೂ ಒಂದೊಂದು ಉಪಾಯ ಹೊಳೆಯಿತು. ಟೀಚರೊಬ್ಬರು ಕೆಂಪು ಬಣ್ಣದ ಆಟಿಕೆ ಲಾರಿ ತಂದುಕೊಟ್ಟರು. ಬಾಗಿಲು ತೆರೆಯುತ್ತಿತ್ತು, ದೀಪ ಹತ್ತುತ್ತಿತ್ತು. ಹುಡುಗಿ ಅದನ್ನು ಸಭ್ಯತೆಯಿಂದ ನೋಡಿ, "ಇದು ನಮ್ಮಪ್ಪಂದಲ್ಲ," ಎಂದು ವಾಪಸು ಕೊಟ್ಟಳು. ನನಗೂ ಹೊಳೆಯದೆ ಇರುತ್ತದೆಯೇ? ತಿದ್ದುವುದೇ ಕಸುಬಾದವನು. "ಆ ಗೋಡೆ ತೆಗೆದು ಕಾಯೀನ ಮತ್ತೆ ಮೊದಲಿನ ಹಾಗೇ ಇಟ್ಟುಬಿಡಿ," ಎಂದೆ.

"ಒಂದ್ಸಲ ಕೈ ಹಾಕಿ ಆಯ್ತಲ್ಲ ಸಾರ್," ಎಂದರು. "ಇನ್ನೊಂದ್ಸಲ ಹಾಕಿದ್ರೆ ಅದು ನನ್ನ ಮನೆ ಆಗೋಗುತ್ತೆ."

ನಾನು ಹಿಂದಿರುಗಿ ಮೇಜಿಗೆ ಕೂತೆ. ಇಪ್ಪತ್ತೆರಡು ವರ್ಷದಿಂದ ಬೇರೆಯವರ ವಾಕ್ಯಗಳನ್ನು ಸರಿಮಾಡುತ್ತಾ ಬಂದ ಕೆಂಪು ಪೆನ್ಸಿಲನ್ನು ಆ ಮಧ್ಯಾಹ್ನ ಎತ್ತಿಕೊಳ್ಳುವುದು ಸ್ವಲ್ಪ ಕಷ್ಟವಾಯಿತು.

ಅಂದಿನಿಂದ ಅವರು ಆ ಬೇರಿನ ಸುತ್ತ ಗುಡಿಸುವುದನ್ನು ಬಿಟ್ಟರು. ಅದು ಎಲೆ ಉದುರುವ ಕಾಲ. ಉಳಿದ ಅಂಗಳವೆಲ್ಲ ದಿನಕ್ಕೆ ಎರಡು ಸಲ ಶುಚಿಯಾಗುತ್ತಿತ್ತು; ಆ ಒಂದು ವೃತ್ತದಲ್ಲಿ ಎಲೆಯ ಮೇಲೆ ಎಲೆ ಬಿದ್ದು, ಮೊದಲು ಮನೆಯ ಗೋಡೆ ಮುಚ್ಚಿತು, ಆಮೇಲೆ ಮಾಡು ಮುಚ್ಚಿತು, ವಾರ ಕಳೆಯುವಷ್ಟರಲ್ಲಿ ಅಲ್ಲೊಂದು ಮನೆಯಿತ್ತೆಂಬ ಗುರುತೂ ಉಳಿಯಲಿಲ್ಲ. ದೊಡ್ಡ ಟೀಚರ್ ಎರಡು ಸಲ ಹೇಳಿದರು, ಮೂರನೆಯ ಸಲ ಗದರಿದರು. "ಹುಳಹುಪ್ಪಟೆ ಸೇರ್ಕೊಳ್ಳುತ್ತೆ. ನಿಮ್ಮ ಕೈಲಿ ಆಗದಿದ್ರೆ ಹೇಳಿ, ಬೇರೆಯವರನ್ನ ನೋಡ್ತೀನಿ." ಗುಡಿಸಜ್ಜಿ ತಲೆ ತಗ್ಗಿಸಿ ಕೇಳಿಸಿಕೊಂಡರು. "ಅಲ್ಲಿ ಗುಡಿಸೋಕೆ ನಂಗೆ ಅಪ್ಪಣೆ ಇಲ್ಲ, ಮೇಡಂ," ಎಂದರು. ಯಾರ ಅಪ್ಪಣೆ ಎಂದು ಮೇಡಂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಸಿಗುತ್ತಿತ್ತು. ಪ್ರತಿದಿನ ಬೆಳಿಗ್ಗೆ ಅವರು ಪೊರಕೆ ಹಿಡಿದು ಆ ವೃತ್ತದ ಅಂಚಿಗೆ ಬಂದು, ಬಾಗಿಲಲ್ಲಿ ನಿಂತ ಅತಿಥಿಯಂತೆ ಸ್ವಲ್ಪ ಹೊತ್ತು ನಿಂತು, ಹಿಂದಿರುಗುತ್ತಿದ್ದರು. ಗೂಡಿನ ಪಕ್ಕದಿಂದ ತೆರೆದ ಬಾಗಿಲ ಮೂಲಕ ಅದು ಕಾಣುತ್ತಿತ್ತು. ಅವರು ನಿಲ್ಲುವ ಹೊತ್ತಿಗೆ ಹುಡುಗಿಯ ಕಣ್ಣು ಬೂಟಿನಿಂದ ಮೇಲೇಳುವುದನ್ನು ಟೀಚರೊಬ್ಬರು ಗಮನಿಸಿದರಂತೆ.

ಹದಿನಾಲ್ಕನೆಯ ದಿನ ಗಾಳಿಯಿತ್ತು. ಎಲೆಗಳ ರಾಶಿ ಕದಡಿ ಬಾಗಿಲೊಳಕ್ಕೂ ನಾಲ್ಕು ಹಾರಿಹೋದವು. ಸ್ವಲ್ಪ ಹೊತ್ತಿಗೆ ಹುಡುಗಿ ಒಂದು ಕಾಲಿಗೆ ಬೂಟು ಹಾಕಿಕೊಂಡು, ಒಂದು ಕಾಲು ಬರಿದಾಗಿ, ಅಂಗಳಕ್ಕೆ ಇಳಿದಳು. ನಾನು ಕಿಟಕಿಯಲ್ಲಿದ್ದೆ.

"ಯಾಕೆ ಗುಡಿಸಿಲ್ಲ?"

"ನೀನು ಹೇಳಿಲ್ಲ," ಎಂದರು ಗುಡಿಸಜ್ಜಿ.

"ಗುಡಿಸು."

"ಯಾವ್ದು ಕಸ, ಯಾವ್ದು ಅಲ್ಲ, ನಂಗೆ ಗೊತ್ತಾಗಲ್ಲಮ್ಮ. ಆವತ್ತೂ ಗೊತ್ತಾಗ್ಲಿಲ್ಲ."

ಹುಡುಗಿ ಕೈ ನೀಡಿದಳು. ಟೀಚರುಗಳಿಗೂ ಮುಟ್ಟಗೊಡದ ಪೊರಕೆಯನ್ನು ಅವರು ಕೊಟ್ಟರು. ಅದು ಅವಳಿಗಿಂತ ಒಂದು ಗೇಣು ಎತ್ತರವಿತ್ತು. ಅವಳು ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಇಡೀ ಮೈಯಿಂದ ತಿರುಗುತ್ತಾ ಗುಡಿಸಿದಳು. ಎಲೆ ಹಾರಿತು, ತೊಗಟೆ ಹಾರಿತು, ಬೆಣಚುಕಲ್ಲಿನ ಗೋಡೆ ಗಲಗಲನೆ ಉರುಳಿತು. ಮನೆ ಎಂಬುದು ಒಂದು ಕಲ್ಲಿನ ಮೇಲೆ ಇನ್ನೊಂದು ಕಲ್ಲು ಉಳಿಯದಂತೆ ಹೋಯಿತು. ಗುಡಿಸಜ್ಜಿ ಕೋಟಿನ ಜೇಬಿಗೆ ಕೈಯಿಟ್ಟುಕೊಂಡು ನಿಂತೇ ಇದ್ದರು. ಕೈ ಹೊರಗಿದ್ದರೆ ಎಲ್ಲಿ ಮುಂದಕ್ಕೆ ಹೋಗುತ್ತದೋ ಎಂದು ಇಟ್ಟುಕೊಂಡದ್ದೆಂದು ನನ್ನ ಊಹೆ.

ನೆಲ ಬಯಲಾದ ಮೇಲೆ ಹುಡುಗಿ ಪೊರಕೆ ಕೆಳಗೆ ಹಾಕಿ ಸೊಂಟಕ್ಕೆ ಕೈಕೊಟ್ಟು ಜಾಗವನ್ನು ಅಳೆದು ನೋಡಿದಳು. ರಾಶಿಯೊಳಗೆ ಕೈಯಾಡಿಸಿ ಆ ಉದ್ದನೆಯ ಒಣ ಕಾಯಿಯನ್ನು ಹುಡುಕಿ ತೆಗೆದಳು, ಅಲ್ಲಾಡಿಸಿ ಒಳಗಿನ ಬೀಜದ ಸದ್ದು ಕೇಳಿ ಲೋಡು ಸರಿಯಿದೆಯೆಂದು ಖಾತ್ರಿ ಮಾಡಿಕೊಂಡಳು.

"ಅಜ್ಜಿ, ಇಲ್ಲಿ ಬೆಟ್ಟ ಬೇಕು."

"ಎಷ್ಟು ದೊಡ್ಡದು?"

ಹುಡುಗಿ ಅವರನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. "ನಿನ್ನಷ್ಟು. ಕೂತ್ಕೋ."

ಗುಡಿಸಜ್ಜಿ ಮರ ಹಿಡಿದು, ಒಂದೊಂದೇ ಕೀಲನ್ನು ಮಡಚಿ, ನೆಲದ ಮೇಲೆ ಕೂತು ಮಂಡಿ ಮೇಲೆತ್ತಿ ಪಾದ ಊರಿದರು. ಖಾಕಿ ಕೋಟು ಇಳಿಜಾರಾಗಿ ಹರಡಿತು. ಲಾರಿ ಅವರ ಹಿಮ್ಮಡಿಯ ಹತ್ತಿರ ಗೇರು ಬದಲಾಯಿಸಿ, ಕೋಟಿನ ಮಡಿಕೆಗಳಲ್ಲಿ ತಿರುವು ತಿರುವಾಗಿ, ಡುರ್ರೆಂದು ಏರತೊಡಗಿತು. ದಾರಿ ದೂರವಿತ್ತು. ನಡುವೆ ಎರಡು ಕಡೆ ಇಂಜಿನ್ ಕಾದು ನಿಲ್ಲಬೇಕಾಯಿತು. ಲಾರಿ ಮಂಡಿಯ ನೆತ್ತಿಗೆ ಬಂದಾಗ ಒಳಗೆ ಬೆಲ್ ಹೊಡೆಯಿತು. ಹುಡುಗಿ ಲಾರಿಯನ್ನು ಅಲ್ಲಿಯೇ ಬಿಟ್ಟು, ಒಂಟಿ ಬೂಟಿನ ಸದ್ದು ಮಾಡುತ್ತಾ ಸಾಲಿನ ಕೊನೆಗೆ ಸೇರಿ ಒಳಗೆ ಹೋದಳು.

ಬೆಟ್ಟ ಹಾಗೇ ಇತ್ತು.

ಅವರೀಗ ಎದ್ದಾರು, ಈಗ ಎದ್ದಾರು ಎಂದು ನಾನು ಕಾದೆ. ಕಾಲು ಗಂಟೆ ಹೋಯಿತು. ಮರದ ನೆರಳು ಸರಿದು ಬಿಸಿಲು ಅವರ ಮುಖಕ್ಕೆ ಬಂತು. ಕೈ ಅಡ್ಡ ಹಿಡಿಯಲಿಲ್ಲ. ತಲೆಯ ಮೇಲೊಂದು ಎಲೆ ಬಿತ್ತು, ಒದರಲಿಲ್ಲ. ಬರಿಗಾಲಿನ ಮೇಲೆ ಇರುವೆಯೊಂದು ಹತ್ತಿ ಇಳಿದುದನ್ನು, ಮಹಡಿಯಿಂದ ಕಾಣದಿದ್ದರೂ, ಅವರ ಹೆಬ್ಬೆರಳು ಬಿಗಿದುಕೊಂಡ ರೀತಿಯಿಂದ ತಿಳಿದೆ. ಉಸಿರನ್ನೂ ಅಳೆದು ಬಿಡುತ್ತಿದ್ದರೇನೋ; ಮಂಡಿಯ ಮೇಲಿನ ಕಾಯಿ ಅಲುಗಲಿಲ್ಲ. ನನ್ನ ಮುಂದಿನ ಪುಟದಲ್ಲಿ ಒಂದು ಗೆರೆಯೂ ಮುಂದೆ ಹೋಗಲಿಲ್ಲ.

ದೊಡ್ಡ ಟೀಚರ್ ಹೊರಗೆ ಬಂದರು. "ಏನಮ್ಮಾ ಇದು? ಮುಂದಿನ ಅಂಗಳ ಹಾಗೇ ಬಿದ್ದಿದೆ, ಇಲ್ಲಿ ಬಂದು ಕೂತಿದೀರಲ್ಲ. ಏಳಿ."

ಗುಡಿಸಜ್ಜಿ ತಲೆ ತಿರುಗಿಸದೆ, ತುಟಿ ಮಾತ್ರ ಆಡಿಸಿದರು. "ಆಗಲ್ಲ ಮೇಡಂ. ಲಾರಿ ಮೇಲಿದೆ."

ದೊಡ್ಡ ಟೀಚರ್ ಮಂಡಿಯ ಮೇಲಿನ ಕಾಯಿಯನ್ನು ನೋಡಿದರು. ಗುಡಿಸಿದ ಬಯಲನ್ನು ನೋಡಿದರು, ಕೆಳಗೆ ಬಿದ್ದ ಪೊರಕೆಯನ್ನು ನೋಡಿದರು. ಅವರ ಮುಖದಲ್ಲಿ ಏನು ನಡೆಯಿತೆಂಬುದು ನನಗೆ ಕಾಣಲಿಲ್ಲ. ಕಂಡದ್ದು, ಅವರು ಬಗ್ಗಿ ಪೊರಕೆ ಎತ್ತಿಕೊಂಡು, ಗೋಡೆಯ ಪಕ್ಕದಿಂದಲೇ ನಡೆದು, ಮುಂದಿನ ಅಂಗಳ ಗುಡಿಸಲು ಹೋದದ್ದು.

ಒಂದು ಗಂಟೆ ಹತ್ತು ನಿಮಿಷದ ಮೇಲೆ ಮಕ್ಕಳು ಹೊರಗೆ ಬಂದರು. ಕೊನೇ ಬೋಗಿ ನೇರ ಬೆಟ್ಟಕ್ಕೆ ಬಂದಳು. ಬೆಟ್ಟ ಇನ್ನೂ ಇದೆಯೆಂಬುದು ಅವಳಿಗೆ ಆಶ್ಚರ್ಯವೆನಿಸಲಿಲ್ಲ. ಥ್ಯಾಂಕ್ಸ್ ಹೇಳಲಿಲ್ಲ, ನಗಲೂ ಇಲ್ಲ. ಬಿಟ್ಟ ಜಾಗದಿಂದಲೇ ಲಾರಿಯನ್ನು ಹೊರಡಿಸಿ, ಮೊಣಕಾಲಿನ ಆಚೆಯ ಇಳಿಜಾರಿನಲ್ಲಿ ಬ್ರೇಕು ಹಿಡಿದು ಹಿಡಿದು ಇಳಿಸಿ, ಬಯಲಿಗೆ ತಂದು ನಿಲ್ಲಿಸಿದಳು. ಅದರ ಸುತ್ತ ಈ ಸಲ ಗೋಡೆ ಕಟ್ಟಲಿಲ್ಲ. ನಾಲ್ಕು ಮೂಲೆಗೆ ನಾಲ್ಕು ಕಲ್ಲು, ನಡುವೆ ಒಂದು ಎಲೆಯ ಹಾಸಿಗೆ, ಅಷ್ಟೇ ಮನೆ.

"ಬಂದ್ರು," ಎಂದಳು. ಆಮೇಲೆ ನೆನಪಾಗಿ, "ಬೆಟ್ಟ, ನೀನಿನ್ನು ಏಳ್ಬೋದು."

ಬೆಟ್ಟಕ್ಕೆ ಏಳಲಾಗಲಿಲ್ಲ. ಕಾಲು ಮರಗಟ್ಟಿತ್ತು. ನಾನು ಕೆಳಗೆ ಓಡಿದೆ. ನಾನೊಂದು ತೋಳು, ದೊಡ್ಡ ಟೀಚರ್ ಒಂದು ತೋಳು ಹಿಡಿದೆವು. "ಬೆಟ್ಟಕ್ಕೂ ಮಂಡಿನೋವಾ?" ಎಂದರು ದೊಡ್ಡ ಟೀಚರ್, ಎತ್ತುತ್ತಾ. ಗುಡಿಸಜ್ಜಿ ಹಲ್ಲು ಕಚ್ಚಿಕೊಂಡು ನಕ್ಕರು. ಅವರ ಕಣ್ಣಲ್ಲಿ ನೀರಿತ್ತು. ಕಾಲಿನ ಜೋಮಿಗೂ ನೀರು ಬರುತ್ತದೆ, ನಾನು ಅದನ್ನು ಬೇರೆ ಏನೆಂದೂ ಓದಲು ಹೋಗಲಿಲ್ಲ. ತಿಂಗಳು ಮುಗಿಯಿತು, ತಾಯಿ ಮಗಳನ್ನು ಬಿಡಿಸಲಿಲ್ಲ. ನಿಜವಾದ ಅಪ್ಪ ಆಮೇಲೊಂದು ಭಾನುವಾರ ಬಂದು ಮಂಗಳವಾರ ಹೋದನಂತೆ, ಎಂದಿನಂತೆ.

ನಾವು ಕಟ್ಟಿದವರನ್ನು ನೆನೆಯುತ್ತೇವೆ, ಮುರಿದುದನ್ನು ಸರಿಮಾಡಿದವರನ್ನು ನೆನೆಯುತ್ತೇವೆ, ಕಲಿಸಿದವರನ್ನಂತೂ ಮರೆಯುವುದೇ ಇಲ್ಲ. ಗುಡಿಸಜ್ಜಿಯಂಥವರು ಈ ಯಾವ ಪಟ್ಟಿಗೂ ಸೇರುವುದಿಲ್ಲ. ಪ್ರೀತಿಯಿದ್ದ ಕಡೆ ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. ಅದನ್ನು ಹಿಂದಕ್ಕೆಳೆದುಕೊಂಡು, ಇನ್ನೊಬ್ಬರ ಲೋಕದಲ್ಲಿ ತಮಗೆ ಕೊಟ್ಟ ಜಾಗದಲ್ಲಿ, ಕೊಟ್ಟಷ್ಟು ಹೊತ್ತು, ಮೈಯನ್ನೇ ನೆಲ ಮಾಡಿ ಕೂರುವುದು ಎಷ್ಟು ದೊಡ್ಡ ಕೆಲಸವೆಂದು ಆ ಮಧ್ಯಾಹ್ನದವರೆಗೆ ನನಗೆ ಗೊತ್ತಿರಲಿಲ್ಲ. ಅಂಥವರು ಎಲ್ಲ ಅಂಗಳಗಳಲ್ಲೂ ಒಬ್ಬರಾದರೂ ಇದ್ದಿರಬೇಕು. ನಾವೂ ಒಂದು ಕಾಲದಲ್ಲಿ ಎಲ್ಲೋ ಮಣ್ಣಿನಲ್ಲಿ ಊರು ಕಟ್ಟಿದವರು, ಯಾರ ಮೈಮೇಲೋ ದಾರಿ ಮಾಡಿಕೊಂಡು ಆಚೆ ಇಳಿದವರು. ಅವರು ಯಾರೆಂದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ಏರುವಾಗ ನಮಗೆ ಕಂಡದ್ದು ಬೆಟ್ಟ. ಬೆಟ್ಟಕ್ಕೆ ಮುಖವಿರುತ್ತದೆಂದು ಆಗ ಯಾರಿಗೆ ಹೊಳೆದಿತ್ತು.